ಮದ್ವೆ ಮನೆ ಡ್ರೋನ್ ತಲೆ ಮೇಲೆ ಬಿದ್ರೆ ದುಡ್ಡು ಕೊಡೋರು ಯಾರು?

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗಳ ಮದ್ವೆ ಆಯ್ತು, ಅರಸೀಕೆರೆ ಹತ್ರ ಒಂದು ಛತ್ರದಲ್ಲಿ. ಸಂಜೆ ಗಂಡಿನ ಕಡೆಯವರು ಬಂದಿಳಿದ್ರು, ವಾಲಗದವರು ಶುರು ಹಚ್ಕೊಂಡ್ರು, ಎದುರುಗೊಳ್ಳೋಕೆ ಕಳಸ ಹಿಡ್ಕೊಂಡು ಹೆಂಗಸರೆಲ್ಲ ಬಾಗಿಲಿಗೆ ಬಂದ್ರು, ಅಷ್ಟೊತ್ತಿಗೆ ತಲೆ ಮೇಲೆ ಜೇನು ಹುಳ ಬಂದ ಹಾಗೆ ಸದ್ದು, ನೋಡಿದ್ರೆ ಡ್ರೋನು. ಎಲ್ಲರೂ ಮೇಲೆ ನೋಡಿ ನಗ್ತಾ ಕೈ ಬೀಸಿದ್ರು. ಎರಡು ನಿಮಿಷ ಆಗಿರಬೇಕು, ಶಾಮಿಯಾನದಿಂದ ಮಾವಿನ ಮರಕ್ಕೆ ಎಳೆದಿದ್ದ ಸೀರಿಯಲ್ ಸೆಟ್ ವೈರಿಗೆ ತಗುಲಿ ಅದು ಗಿರಗಿರ ತಿರುಗ್ತಾ ಕೆಳಗೆ ಬಂತು. ಬಿದ್ದಿದ್ದು ನಮ್ಮ ದೊಡ್ಡಜ್ಜಿ ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಕೈ ಮೇಲೆ. ಕುರ್ಚಿ ಕೈ ಸೀಳು ಬಿಡ್ತು, ಅಜ್ಜಿ ಕೈಗೆ ಏನೂ ಆಗಲಿಲ್ಲ, ಒಂದು ಗೇಣು ಆಚೆ ಈಚೆ ಆಗಿದ್ರೆ ಏನಾಗ್ತಿತ್ತು ಅಂತ ನಾನು ಆಮೇಲೆ ತುಂಬಾ ದಿನ ಯೋಚನೆ ಮಾಡಿದೀನಿ. ಹಾರಿಸ್ತಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಪಾಪ ಬೆವರು ಬಂದುಬಿಟ್ಟಿತ್ತು, ಬ್ಯಾಗಿಂದ ಹೊಸ ಫ್ಯಾನು ತೆಗೆದು ಹಾಕ್ಕೊಂಡು ಕಾಲು ಗಂಟೇಲಿ ಮತ್ತೆ ಹಾರಿಸಿದ. ಊಟ ಆದ್ಮೇಲೆ ಅವನ ಪಕ್ಕ ಕೂತು ಕೇಳ್ದೆ, ಇದಕ್ಕೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಎಲ್ಲ ಇದೆಯೇನಪ್ಪ ಅಂತ. "ಸರ್ ಇದು 249 ಗ್ರಾಂ, ಇದಕ್ಕೆ ಏನೂ ಬೇಡ" ಅಂದ.

ಅವನು ಸುಳ್ಳು ಹೇಳ್ಲಿಲ್ಲ, ಅವನಿಗೆ ಅಂಗಡಿಯೋನು ಹೇಳಿದ್ದನ್ನೇ ನನಗೆ ಹೇಳ್ದ. ಅದರಲ್ಲಿ ಎಷ್ಟು ನಿಜ ಎಷ್ಟು ತಪ್ಪು ಅಂತ ನೋಡೋಕೆ ಹೋಗಿ ನಾನು ಈ ನಿಯಮಗಳನ್ನೆಲ್ಲ ಕೂತು ಓದಿದ್ದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 2014ರ ಅಕ್ಟೋಬರ್‌ನಲ್ಲಿ ಡಿಜಿಸಿಎ, ಅಂದ್ರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಒಂದು ಪ್ರಕಟಣೆ ಹೊರಡಿಸಿ ಖಾಸಗಿಯವರು ಡ್ರೋನ್ ಹಾರಿಸೋದನ್ನೇ ನಿಲ್ಲಿಸಿಬಿಡ್ತು. ನಾಲ್ಕು ವರ್ಷ ಹಾಗೇ ಇತ್ತು, ಕಾಗದದ ಮೇಲೆ ನಿಷೇಧ, ಆಕಾಶದಲ್ಲಿ ಎಲ್ಲಾ ಮದ್ವೇಲೂ ಡ್ರೋನ್. 2018ರ ಡಿಸೆಂಬರ್ 1ರಿಂದ ಮೊದಲ ನಿಯಮ ಬಂತು, ಅದರಲ್ಲಿ ಅನುಮತಿ ಇಲ್ದೆ ಡ್ರೋನ್ ಮೇಲಕ್ಕೇ ಏಳಬಾರದು ಅನ್ನೋ ಹಾಗೆ ಸಾಫ್ಟ್‌ವೇರ್ ಇರ್ಬೇಕು ಅಂತ ಷರತ್ತಿತ್ತು, ಅದು ಸರಿಯಾಗಿ ನಡೀಲಿಲ್ಲ. 2021ರ ಮಾರ್ಚ್‌ನಲ್ಲಿ ಇನ್ನೊಂದು ಸೆಟ್ ಬಂತು, ಫಾರಂ ಮೇಲೆ ಫಾರಂ, ಅದನ್ನ ಯಾರೂ ಇಷ್ಟಪಡ್ಲಿಲ್ಲ. ಆ ವರ್ಷ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆ ಮೇಲೆ ಡ್ರೋನ್‌ನಿಂದ ಸ್ಫೋಟಕ ಹಾಕಿದ್ರು, ಇನ್ನು ಎಲ್ಲ ಬಂದ್ ಮಾಡ್ತಾರೆ ಅಂದ್ಕೊಂಡ್ರೆ, ಆಗಿದ್ದು ಉಲ್ಟಾ. ಎರಡೇ ತಿಂಗಳಲ್ಲಿ, ಆಗಸ್ಟ್ 25ಕ್ಕೆ, ಈಗ ಇರೋ ಡ್ರೋನ್ ನಿಯಮಗಳು 2021 ಬಂತು, ಹಿಂದಿನದಕ್ಕಿಂತ ತುಂಬಾ ಸಲೀಸು. ಇದನ್ನ ಮಾಡಿದ್ದು ಒಳ್ಳೇದೇ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಪಾಲಿಸೋಕೆ ಆಗದ ನಿಯಮ ಇದ್ರೆ ಜನ ನಿಯಮ ಓದೋದನ್ನೇ ಬಿಡ್ತಾರೆ.

ಈ ನಿಯಮ ಡ್ರೋನ್‌ನ ತೂಕದ ಮೇಲೆ ಐದು ಪಾಲು ಮಾಡುತ್ತೆ. 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, 25 ಕೆಜಿವರೆಗೆ ಸ್ಮಾಲ್, 150 ಕೆಜಿವರೆಗೆ ಮೀಡಿಯಂ, ಅದರ ಮೇಲೆ ಲಾರ್ಜ್. ನ್ಯಾನೋ ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಮೈಕ್ರೋನ ಶೋಕಿಗೆ ಹಾರಿಸಿದ್ರೆ ಅದಕ್ಕೂ ಬೇಡ, ಆದ್ರೆ ದುಡ್ಡು ತಗೊಂಡು ಹಾರಿಸಿದ್ರೆ ಬೇಕು. ಸರ್ಟಿಫಿಕೇಟ್ ಬೇಕು ಅಂದ್ರೆ 18ರಿಂದ 65ರೊಳಗೆ ವಯಸ್ಸು, ಎಸ್ಸೆಸ್ಸೆಲ್ಸಿ ಪಾಸು, ಡಿಜಿಸಿಎ ಒಪ್ಪಿದ ಟ್ರೈನಿಂಗ್ ಸಂಸ್ಥೇಲಿ ಕಲಿತಿರ್ಬೇಕು. ಸರ್ಕಾರದ ಶುಲ್ಕ ಬರೀ 100 ರೂಪಾಯಿ, 10 ವರ್ಷ ನಡೆಯುತ್ತೆ, ಖರ್ಚು ಆಗೋದು ಟ್ರೈನಿಂಗ್‌ಗೆ. ಮೊದಲು ಪಾಸ್‌ಪೋರ್ಟ್ ಕೇಳ್ತಿದ್ರು, ಹಳ್ಳಿ ಕಡೆ ರೈತರ ಮಕ್ಕಳಿಗೆ ಪಾಸ್‌ಪೋರ್ಟ್ ಎಲ್ಲಿರುತ್ತೆ ಹೇಳಿ, 2023ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಮಾಡಿ ಬೇರೆ ಗುರುತಿನ ಚೀಟಿ ಆದ್ರೂ ಸಾಕು ಅಂದ್ರು.

ಇನ್ನು ಎಲ್ಲಿ ಹಾರಿಸ್ಬಹುದು ಅನ್ನೋದು. ಡಿಜಿಟಲ್ ಸ್ಕೈ ಅಂತ ಸರ್ಕಾರದ ಮ್ಯಾಪ್ ಇದೆ, ಫೋನ್‌ನಲ್ಲೇ ತೆಗೆದು ನೋಡ್ಬಹುದು, ಹಸಿರು ಹಳದಿ ಕೆಂಪು. ಹಸಿರಲ್ಲಿ 400 ಅಡಿ ತನಕ, ಅಂದ್ರೆ 120 ಮೀಟರ್, ಯಾರನ್ನೂ ಕೇಳ್ಬೇಕಾಗಿಲ್ಲ. ಏರ್‌ಪೋರ್ಟ್ ಕಾಂಪೌಂಡಿಂದ 5 ಕಿಲೋಮೀಟರ್ ಒಳಗೆ ಕೆಂಪು, 5ರಿಂದ 8 ಕಿಲೋಮೀಟರ್ ನಡುವೆ ನೆಲದಿಂದಲೇ ಹಳದಿ, ಹಳದೀಲಿ ಆ ಏರ್‌ಪೋರ್ಟ್‌ನ ಟ್ರಾಫಿಕ್ ಕಂಟ್ರೋಲ್‌ನೋರ ಅನುಮತಿ ಬೇಕು. 8ರಿಂದ 12 ಕಿಲೋಮೀಟರ್ ಒಳಗೆ ಆದ್ರೆ 200 ಅಡಿ ತನಕ ಹಸಿರು, ಮೇಲೆ ಹಳದಿ. ಕೆಂಪಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ದೆ ಹಾರಿಸೋ ಹಾಗೇ ಇಲ್ಲ.

ಇದನ್ನ ಬೆಂಗಳೂರಿಗೆ ಹಾಕಿ ನೋಡಿ. ದೇವನಹಳ್ಳಿ ಒಂದು, ಯಲಹಂಕ ವಾಯುನೆಲೆ ಒಂದು, ಜಕ್ಕೂರು ಒಂದು, ಎಚ್‌ಎಎಲ್ ಒಂದು. ಒಂದೊಂದರ ಸುತ್ತ 8 ಕಿಲೋಮೀಟರ್ ಗೆರೆ ಎಳೆದ್ರೆ ಹೆಬ್ಬಾಳ, ಇಂದಿರಾನಗರ, ಮಾರತಹಳ್ಳಿ ಎಲ್ಲ ಒಳಗೇ ಬರುತ್ತೆ. ಅಂದ್ರೆ ಇಂದಿರಾನಗರದಲ್ಲಿ ಟೆರೇಸ್ ಮೇಲೆ ನಿಂತು ಹತ್ತು ಅಡಿ ಎತ್ತರಕ್ಕೆ ಹಾರಿಸಿದ್ರೂ ಅನುಮತಿ ಬೇಕು. ಇದು ಗೊತ್ತಿರೋರು ಎಷ್ಟು ಜನ? ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ, ಅಲ್ಲಿವರೆಗೆ ಆ ಸುತ್ತಿನ ಹಳ್ಳೀಲಿ ಹಾರಿಸ್ತಿದ್ದೋರಿಗೆ ಆಮೇಲೆ ಅದೇ ಗದ್ದೆ ಹಳದಿನೋ ಕೆಂಪೋ ಆಯ್ತು. ಇನ್ನೊಂದು, ಎಸ್‌ಪಿ ದರ್ಜೆಗೆ ಕಮ್ಮಿ ಇಲ್ಲದ ಪೊಲೀಸ್ ಅಧಿಕಾರಿ ಯಾವುದೇ ಜಾಗನ ಒಂದು ಸಲಕ್ಕೆ 96 ಗಂಟೆ ತನಕ ತಾತ್ಕಾಲಿಕ ಕೆಂಪು ವಲಯ ಮಾಡ್ಬಹುದು. ಹಾಗಾಗಿ ನಿನ್ನೆ ಹಸಿರಿತ್ತು ಅಂತ ಇವತ್ತು ಹಾರಿಸೋಕಾಗಲ್ಲ, ಪ್ರತಿ ಸಲ ಮ್ಯಾಪ್ ನೋಡ್ಲೇಬೇಕು. ಏರೋ ಇಂಡಿಯಾ ವಿಮಾನ ಪ್ರದರ್ಶನದ ಟೈಮಲ್ಲಿ ಯಲಹಂಕ ಸುತ್ತ ಹಾರಿಸೋ ಯೋಚನೆ ಕೂಡ ಬೇಡ.

ಕಾಡಿನ ಕಥೆ ಬೇರೆ. ಬಂಡೀಪುರ, ನಾಗರಹೊಳೆ ಇಂಥ ಕಡೆ ಮ್ಯಾಪ್ ಏನೇ ತೋರಿಸ್ಲಿ, ಅರಣ್ಯ ಇಲಾಖೆ ಅನುಮತಿ ಇಲ್ದೆ ಹಾರಿಸಿದ್ರೆ ಕೇಸು. ಹಂಪಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆ ಅನುಮತಿ ಬೇಕು. ಕಾರವಾರದ ನೌಕಾನೆಲೆ, ಕೈಗಾ ಅಣುಸ್ಥಾವರ ಕಡೆ ಹಾರಿಸೋದು ಏನು ಅಂತ ನಾನು ಹೇಳೋದೇ ಬೇಡ.

ಇಷ್ಟು ಓದಿದ್ರೆ ನಿಯಮ ಚೆನ್ನಾಗೇ ಇದೆ ಅನ್ಸುತ್ತೆ. ವಿಮಾನಕ್ಕೆ ತೊಂದರೆ ಆಗಬಾರದು, ದೇಶದ ಭದ್ರತೆಗೆ ತೊಂದರೆ ಆಗಬಾರದು, ಇವೆರಡನ್ನ ಚೆನ್ನಾಗಿ ಯೋಚನೆ ಮಾಡಿ ಬರೆದಿದಾರೆ. ಅದು ಬೇಕಾಗಿದ್ದೇ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್ವಿಕ್ ಏರ್‌ಪೋರ್ಟ್ ಹತ್ರ ಡ್ರೋನ್ ಕಂಡ್ವು ಅಂತ ಸುದ್ದಿ ಬಂದಿದ್ದಕ್ಕೆ ಸುಮಾರು ಸಾವಿರ ವಿಮಾನ, ಒಂದು ಲಕ್ಷದ ನಲವತ್ತು ಸಾವಿರ ಪ್ರಯಾಣಿಕರು ಸಿಕ್ಕಾಕಿಕೊಂಡ್ರು. 2025ರ ಜನವರೀಲಿ ಲಾಸ್ ಏಂಜಲೀಸ್ ಸುತ್ತ ಕಾಡು ಹೊತ್ತಿ ಉರಿಯುವಾಗ ನೋಡೋಕೆ ಅಂತ ಒಬ್ಬ ಬಿಟ್ಟ ಡ್ರೋನು ನೀರು ಸುರಿಯೋ ವಿಮಾನದ ರೆಕ್ಕೆಗೆ ಹೊಡೆದು ತೂತು ಮಾಡ್ತು, ಊರು ಉರೀತಿರೋ ಹೊತ್ತಲ್ಲಿ ಆ ವಿಮಾನ ನೆಲಕ್ಕೆ ಕೂತ್ಕೊಳ್ತು. ಹಾರಿಸಿದವನು ಎರಡೂವರೆ ಕಿಲೋಮೀಟರ್ ದೂರ ಕಳಿಸಿದ್ದ, ಅವನ ಕಣ್ಣಿಗೇ ಅದು ಕಾಣ್ತಿರಲಿಲ್ಲ.

ಆದ್ರೆ ನಮ್ಮೂರ ಕಡೆ ದಿನಾ ಆಗೋ ಅಪಾಯ ಅದಲ್ಲ. ನಮ್ಮಲ್ಲಿ ಡ್ರೋನ್ ಹಾರೋದು ಛತ್ರದ ಮುಂದೆ, ತೇರಿನ ಮೇಲೆ, ಗಣಪತಿ ಮೆರವಣಿಗೆ ಮೇಲೆ, ಕಾಲೇಜ್ ಡೇ ಮೇಲೆ, ರಾಜಕೀಯದೋರ ರೋಡ್ ಶೋ ಮೇಲೆ. ಅಂದ್ರೆ ಜನರ ತಲೆ ಮೇಲೆ. ಇದರ ಬಗ್ಗೆ 2021ರ ನಿಯಮ ಏನು ಹೇಳುತ್ತೆ ಅಂತ ಹುಡುಕಿದ್ರೆ ಸಿಗೋದು, ಯಾರ ಜೀವಕ್ಕೂ ಆಸ್ತಿಗೂ ಅಪಾಯ ಆಗೋ ಹಾಗೆ ಹಾರಿಸಬಾರದು ಅನ್ನೋ ಅರ್ಥದ ಒಂದು ಸಾಮಾನ್ಯ ಮಾತು, ಅಷ್ಟೇ. ಗುಂಪಿಂದ ಎಷ್ಟು ಮೀಟರ್ ದೂರ, ಎಷ್ಟು ತೂಕದ್ದಕ್ಕೆ ಎಷ್ಟು ದೂರ, ಇಂಥ ಅಳತೆ ಇಲ್ಲ. ಯುರೋಪಿನಲ್ಲಿ ವಿಶೇಷ ಅನುಮತಿ ಇಲ್ದೆ ಹಾರಿಸೋರು ಜನ ಗುಂಪು ಸೇರಿದ ಜಾಗದ ಮೇಲೆ ಎಷ್ಟೇ ಚಿಕ್ಕ ಡ್ರೋನೂ ಹಾರಿಸೋ ಹಾಗಿಲ್ಲ, ಸ್ವಲ್ಪ ದೊಡ್ಡದಾದ್ರೆ ಸಂಬಂಧ ಇಲ್ಲದ ಜನರಿಂದ 30 ಮೀಟರ್ ಆಚೆ ಇರ್ಬೇಕು, ಹೀಗೆ ಮೀಟರ್ ಲೆಕ್ಕದಲ್ಲಿ ಬರೆದಿದಾರೆ. ಮೀಟರ್‌ನಲ್ಲಿ ಬರೆದ್ರೆ ಹಾರಿಸೋನಿಗೂ ಗೊತ್ತಾಗುತ್ತೆ, ಪೊಲೀಸಿಗೂ ಗೊತ್ತಾಗುತ್ತೆ, ಮದ್ವೆ ಮಾಡೋರಿಗೂ ಗೊತ್ತಾಗುತ್ತೆ.

249 ಗ್ರಾಂ ಅಂದ್ರೆ ಏನೂ ಆಗಲ್ಲ ಅನ್ನೋರಿಗೆ ಒಂದು ಸಣ್ಣ ಲೆಕ್ಕ, ಹೈಸ್ಕೂಲ್ ಫಿಸಿಕ್ಸು. ತೆಂಗಿನ ಮರದ ಎತ್ತರ ಅಂದ್ಕೊಳಿ, 15 ಮೀಟರ್. ಅಲ್ಲಿಂದ ಏನೇ ಬಿದ್ರೂ ನೆಲ ಮುಟ್ಟೋ ಹೊತ್ತಿಗೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ ಬಂದಿರುತ್ತೆ, ಗಾಳಿ ತಡೆದು ಸ್ವಲ್ಪ ಕಮ್ಮಿ ಆಗ್ಬಹುದು. ಮದ್ವೆಗಳಲ್ಲಿ ಹಾರಿಸೋ 900 ಗ್ರಾಂ ಆಸುಪಾಸಿನ ಡ್ರೋನ್ ಆ ಎತ್ತರದಿಂದ ಬಿದ್ರೆ ಅದರ ಹೊಡೆತದ ಶಕ್ತಿ 130 ಜೌಲ್ ಹತ್ರ ಬರುತ್ತೆ. 140 ಕಿಲೋಮೀಟರ್ ವೇಗದಲ್ಲಿ ಬರೋ ಕ್ರಿಕೆಟ್ ಬಾಲ್‌ನ ಶಕ್ತಿ ಸುಮಾರು 120 ಜೌಲ್. ಫಾಸ್ಟ್ ಬೌಲರ್ ಎದುರು ಹೆಲ್ಮೆಟ್ ಇಲ್ದೆ ನಿಲ್ತೀರಾ? 249 ಗ್ರಾಮಿನದ್ದು ಅದರ ಕಾಲು ಭಾಗದಷ್ಟು ಹೊಡೆತ ಕೊಡುತ್ತೆ, ಜೀವ ಹೋಗದೆ ಇರ್ಬಹುದು, ಕಣ್ಣಿಗೆ ಬಿದ್ರೆ ಕಣ್ಣು ಹೋಗುತ್ತೆ, ಜೊತೆಗೆ ನಾಲ್ಕು ಫ್ಯಾನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗ್ತಾನೇ ಇರುತ್ತೆ. ತೆಂಗಿನ ಮರದ ಕೆಳಗೆ ಹಾಸಿಗೆ ಹಾಸಬೇಡ ಅಂತ ನಮ್ಮಲ್ಲಿ ಹಿರಿಯರು ಯಾಕೆ ಬೈತಿದ್ರೋ ಅದೇ ಕಾರಣ ಇದಕ್ಕೂ.

2015ರ ಡಿಸೆಂಬರ್‌ನಲ್ಲಿ ಇಟಲೀಲಿ ವಿಶ್ವಕಪ್ ಸ್ಕೀ ರೇಸ್ ನಡೀವಾಗ ಮಾರ್ಸೆಲ್ ಹಿರ್ಷರ್ ಅನ್ನೋ ಆಸ್ಟ್ರಿಯಾದ ಸ್ಕೀ ಆಟಗಾರನ ಬೆನ್ನ ಹಿಂದೆ ಟಿವಿಯವರ ಕ್ಯಾಮೆರಾ ಡ್ರೋನ್ ಬಂದು ಅಪ್ಪಳಿಸ್ತು, ಸ್ವಲ್ಪದರಲ್ಲಿ ತಪ್ಪಿಸಿಕೊಂಡ. ಅದು ಪಳಗಿದವರ ಕೈಲಿ ಆಗಿದ್ದು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಆರ್ಲ್ಯಾಂಡೋದಲ್ಲಿ ಕ್ರಿಸ್‌ಮಸ್ ಡ್ರೋನ್ ಶೋ ನಡೀವಾಗ ಡ್ರೋನ್‌ಗಳು ಒಂದಕ್ಕೊಂದು ಹೊಡ್ಕೊಂಡು ಕೆಳಗೆ ಬಂದ್ವು, ಒಂದು ಏಳು ವರ್ಷದ ಹುಡುಗನ ಎದೆಗೆ ಬಡೀತು, ಹಾರ್ಟ್ ಆಪರೇಷನ್ ಮಾಡ್ಬೇಕಾಯ್ತು. ನಮ್ಮ ಮೈಸೂರು ದಸರಾದಲ್ಲೂ ಈಗ ಬನ್ನಿಮಂಟಪದಲ್ಲಿ ಡ್ರೋನ್ ಶೋ ಇರುತ್ತೆ, 2025ರಲ್ಲಿ ಸುಮಾರು ಮೂರು ಸಾವಿರ ಡ್ರೋನ್ ಹಾರಿಸಿ ಹುಲಿ ಚಿತ್ರ ಮಾಡಿ ಗಿನ್ನೆಸ್ ದಾಖಲೆ ಮಾಡಿದ್ರು, ನೋಡೋಕೆ ಮೈ ಜುಂ ಅನ್ನುತ್ತೆ, ನನಗೂ ಖುಷಿ ಆಯ್ತು. ಅಂಥ ಕಡೆ ಜನ ಎಲ್ಲಿ ಕೂರ್ಬೇಕು, ಡ್ರೋನ್ ಎಲ್ಲಿ ಹಾರ್ಬೇಕು ಅಂತ ಮೊದಲೇ ಜಾಗ ಬೇರೆ ಮಾಡೋಕಾಗುತ್ತೆ. ಛತ್ರದ ಮುಂದೆ ಯಾರು ಮಾಡ್ತಾರೆ?

ಬೀಳೋದು ಯಾಕೆ ಅಂತಾನೂ ಹೇಳ್ಬೇಕು, ಯಾಕಂದ್ರೆ ಹುಡುಗರು ಡ್ರೋನ್ ತಾನೇ ನೋಡ್ಕೊಳುತ್ತೆ ಅಂದ್ಕೊಂಡಿರ್ತಾರೆ. ಸೆನ್ಸರ್ ಇದೆ, ಎದುರಿಗೆ ಗೋಡೆ ಬಂದ್ರೆ ನಿಲ್ಲುತ್ತೆ, ನಿಜ. ಸಣ್ಣ ವೈರ್ ಅದಕ್ಕೆ ಕಾಣಲ್ಲ. ಕರೆಂಟ್ ವೈರು, ಸೀರಿಯಲ್ ಸೆಟ್ಟು, ಕೇಬಲ್ ಟಿವಿ ವೈರು, ಗಾಳಿಪಟದ ದಾರ, ಅಡಿಕೆ ಸೋಗೆ ತುದಿ, ಯಾವುದೂ ಕಾಣಲ್ಲ, ರಾತ್ರಿ ಆದ್ರೆ ಇನ್ನೂ ಕಷ್ಟ. ಎರಡನೇದು ದಿಕ್ಸೂಚಿ. ಕಾಂಕ್ರೀಟ್ ಟೆರೇಸ್ ಮೇಲೆ ಇಟ್ಟು ಹಾರಿಸಿದ್ರೆ ಒಳಗಿನ ಕಬ್ಬಿಣದಿಂದ ಅದರ ದಿಕ್ಕಿನ ಲೆಕ್ಕ ತಪ್ಪುತ್ತೆ, ಮೇಲೆ ಹೋಗಿ ಸುತ್ತು ಹೊಡೆಯೋಕೆ ಶುರು ಮಾಡುತ್ತೆ. ಮೂರನೇದು ಮನೆಗೆ ವಾಪಸ್ ಬರೋ ಆಪ್ಷನ್ನು. ಸಿಗ್ನಲ್ ಹೋದ್ರೆ ತಾನೇ ವಾಪಸ್ ಬರುತ್ತೆ ಅಂತ ನಂಬ್ಕೊಂಡಿರ್ತಾರೆ, ಬರುತ್ತೆ, ಆದ್ರೆ ನೀವು ಮೊದಲೇ ಸೆಟ್ ಮಾಡಿರೋ ಎತ್ತರಕ್ಕೆ ಏರಿ ನೇರ ಗೆರೇಲಿ ಬರುತ್ತೆ, ಅದು 30 ಮೀಟರ್ ಇದ್ದು ನಡುವೆ 40 ಮೀಟರ್ ಮೊಬೈಲ್ ಟವರ್ ಇದ್ರೆ ಮುಗೀತು. ಮಲೆನಾಡಲ್ಲಂತೂ ನಿಂತ ಜಾಗದಿಂದ ಗುಡ್ಡ ಎಷ್ಟು ಎತ್ತರ ಅಂತ ನೋಡ್ದೆ ಹಾರಿಸಿ ಕಳ್ಕೊಂಡೋರು ತುಂಬಾ ಜನ. ಮದ್ವೆ ಮನೇಲಿ ಐನೂರು ಮೊಬೈಲು, ವೈಫೈ, ಎಲ್‌ಇಡಿ ಗೋಡೆ ಎಲ್ಲ ಸೇರಿ ಸಿಗ್ನಲ್ ಕೆಡೋದು ಹೆಚ್ಚು. ಛತ್ರದ ಒಳಗೆ ಹಾರಿಸಿದ್ರೆ ಜಿಪಿಎಸ್ಸೇ ಸಿಗಲ್ಲ, ಗಾಳಿಗೆ ತೇಲ್ತಾ ಹೋಗುತ್ತೆ. ಉಬ್ಬಿದ ಬ್ಯಾಟರೀನ ಇನ್ನೊಂದು ಸಲ ಹಾರಿಸೋಣ ಅಂತ ಹಾಕೋದು ಬೇರೆ. ಇನ್ನು ಹದ್ದು, ಬೆಂಗಳೂರಲ್ಲಿ ಹಾರಿಸೋರನ್ನ ಕೇಳಿ, ಗೂಡು ಕಟ್ಟಿರೋ ಟೈಮಲ್ಲಿ ಅವು ಡ್ರೋನ್ ಮೇಲೆ ಎರಗ್ತವೆ, ಹಕ್ಕಿಗೂ ಏಟು, ಕೆಳಗೆ ಇರೋರಿಗೂ ಅಪಾಯ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ದುಡ್ಡಿನ ವಿಷಯ. ಡ್ರೋನ್ ಬಿದ್ದು ಯಾರಿಗಾದ್ರೂ ಏಟಾದ್ರೆ ಪರಿಹಾರಕ್ಕೆ ಮೋಟಾರು ವಾಹನ ಕಾಯ್ದೆ ಅನ್ವಯ ಆಗುತ್ತೆ ಅಂತ 2021ರ ನಿಯಮದಲ್ಲೇ ಇದೆ. ಬೈಕಿಗೆ ಹೇಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯವೋ ಡ್ರೋನಿಗೂ ಹಾಗೇ. ಇದು ಬಹಳ ಒಳ್ಳೇ ಯೋಚನೆ. ಆದ್ರೆ ಅದೇ ನಿಯಮದ ಕೆಳಗೇ ನ್ಯಾನೋ ಡ್ರೋನಿಗೆ ಇನ್ಶೂರೆನ್ಸ್ ಬೇಡ ಅಂತ ವಿನಾಯಿತಿ. ಹಾಗಾದ್ರೆ ಆ ಹುಡುಗನ 249 ಗ್ರಾಂ ಡ್ರೋನ್ ನಮ್ಮಜ್ಜಿ ಕಣ್ಣಿಗೆ ಬಿದ್ದಿದ್ರೆ ಆಸ್ಪತ್ರೆ ಖರ್ಚು ಅವನ ಜೇಬಿಂದ ಬರ್ಬೇಕಿತ್ತು, ಅವನ ಜೇಬಲ್ಲಿ ಆ ದಿನದ ಕೂಲಿ ಇತ್ತು.

ಸರಿ, ಅವನು ದೊಡ್ಡ ಡ್ರೋನ್ ತಗೊಂಡು ಇನ್ಶೂರೆನ್ಸ್ ಮಾಡಿಸ್ಲಿ ಅಂದ್ರೆ? ಇಲ್ಲೇ ಗಂಟು ಬೀಳೋದು. ನ್ಯಾನೋ ಬಿಟ್ಟು ಉಳಿದ ಡ್ರೋನನ್ನ ದುಡ್ಡಿನ ಕೆಲಸಕ್ಕೆ ಬಳಸ್ಬೇಕು ಅಂದ್ರೆ ಆ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ ಇರ್ಬೇಕು, ಅಂದ್ರೆ ತಯಾರಿಸಿದೋರು ಅದನ್ನ ಇಲ್ಲಿ ಪರೀಕ್ಷೆ ಮಾಡ್ಸಿ ಡಿಜಿಸಿಎ ಹತ್ರ ಒಪ್ಪಿಗೆ ತಗೊಂಡಿರ್ಬೇಕು. ಅದಿದ್ರೆ ಮಾತ್ರ ಯುಐಎನ್ ಅನ್ನೋ ನೋಂದಣಿ ನಂಬರು ಸಿಗುತ್ತೆ, ಗಾಡಿ ನಂಬರ್ ಇದ್ದ ಹಾಗೆ. 2021ರ ನವೆಂಬರ್ 30ರ ಒಳಗೆ ದೇಶದಲ್ಲಿದ್ದ ಹಳೇ ಡ್ರೋನುಗಳಿಗೆ ಮಾತ್ರ ಕೆಲವು ಷರತ್ತಿನ ಮೇಲೆ ಒಂದು ಸಲದ ಅವಕಾಶ ಕೊಟ್ಟಿದ್ರು. ಆಮೇಲೆ 2022ರ ಫೆಬ್ರವರಿ 9ಕ್ಕೆ ವಿದೇಶದಿಂದ ರೆಡಿ ಡ್ರೋನ್ ತರೋದನ್ನೇ ನಿಷೇಧ ಮಾಡಿದ್ರು, ಸಂಶೋಧನೆ, ರಕ್ಷಣೆ, ಭದ್ರತೆ ಬಿಟ್ಟು. ಇಲ್ಲಿನ ಕಂಪನಿಗಳು ಬೆಳೀಲಿ ಅಂತ ಮಾಡಿದ್ದು, ಉದ್ದೇಶ ಅರ್ಥ ಆಗುತ್ತೆ, ಭದ್ರತೆ ಕಾರಣಾನೂ ಇದೆ. ಕೃಷಿಗೆ, ಸರ್ವೇಗೆ ಇಲ್ಲಿ ಒಳ್ಳೊಳ್ಳೆ ಡ್ರೋನ್ ಬಂದ್ವು. ಮದ್ವೆ ವಿಡಿಯೋಗೆ ಬೇಕಾದ, ಒಳ್ಳೇ ಕ್ಯಾಮೆರಾ ಇರೋ, ಫೋಟೋಗ್ರಾಫರ್ ಕೈಗೆ ಎಟುಕೋ ಬೆಲೆಯ ದೇಶಿ ಡ್ರೋನ್ ಮಾತ್ರ ಸಾಲಲಿಲ್ಲ. ಹಾಗಾಗಿ ಎಲ್ಲರ ಕೈಲೂ ಇರೋದು ಡಿಜೆಐ ಅನ್ನೋ ಚೀನಾ ಕಂಪನಿದು, ದುಬೈಯಿಂದ ಸೂಟ್‌ಕೇಸ್‌ನಲ್ಲಿ ಬಂದಿದ್ದೋ, ಬಿಲ್ ಇಲ್ದೆ ಅಂಗಡೀಲಿ ಸಿಕ್ಕಿದ್ದೋ.

ಆ ಡ್ರೋನ್‌ಗೆ ಟೈಪ್ ಸರ್ಟಿಫಿಕೇಟ್ ಇಲ್ಲ, ಇಲ್ಲದಿದ್ರೆ ಯುಐಎನ್ ಇಲ್ಲ, ಯುಐಎನ್ ಇಲ್ಲ ಅಂದ್ರೆ ಇನ್ಶೂರೆನ್ಸ್ ಕಂಪನಿ ಹತ್ರ ಹೋಗಿ ಏನು ಹೇಳೋದು? ಚಿಕ್ಕದಿದ್ರೆ ಇನ್ಶೂರೆನ್ಸ್ ಬೇಡ ಅಂತಾರೆ, ದೊಡ್ಡದಿದ್ರೆ ಇನ್ಶೂರೆನ್ಸ್ ಮಾಡ್ಸೋಕೇ ಆಗಲ್ಲ. ಎರಡು ದಾರೀಲಿ ಯಾವುದರಲ್ಲಿ ಹೋದ್ರೂ ಕೆಳಗೆ ಕೂತಿರೋ ಮನುಷ್ಯನಿಗೆ ಏನೂ ಸಿಗಲ್ಲ. ನಿಯಮ ಮುರಿದ್ರೆ ಒಂದು ಲಕ್ಷದ ತನಕ ದಂಡ ಇದೆ, ಆ ದಂಡ ಹೋಗೋದು ಸರ್ಕಾರಕ್ಕೆ, ಏಟು ತಿಂದೋರಿಗಲ್ಲ. ಅಪಘಾತ ಆದ್ರೆ 48 ಗಂಟೆ ಒಳಗೆ ಆನ್‌ಲೈನಲ್ಲಿ ವರದಿ ಮಾಡ್ಬೇಕು ಅಂತಾನೂ ಇದೆ, ನೋಂದಣಿನೇ ಇಲ್ಲದ ಡ್ರೋನ್ ಇಟ್ಕೊಂಡೋನು ತಾನಾಗೇ ಹೋಗಿ ವರದಿ ಮಾಡ್ತಾನಾ? ಹಾಗಾಗಿ ಇಂಥ ಘಟನೆಗಳ ಲೆಕ್ಕ ಎಲ್ಲೂ ಬರಲ್ಲ, ಮದ್ವೆ ಮನೆಗಳಲ್ಲೇ ಮುಚ್ಚಿಹೋಗುತ್ತೆ, ನಮ್ಮ ಮನೇದೂ ಹಾಗೇ ಆಯ್ತು.

ಇನ್ನೊಂದು ವಿಷಯ, ಆ 249 ಗ್ರಾಂ ಅನ್ನೋದೂ ಅಷ್ಟು ಗಟ್ಟಿ ಅಲ್ಲ. ಹೆಚ್ಚು ಹೊತ್ತು ಹಾರ್ಲಿ ಅಂತ ದೊಡ್ಡ ಬ್ಯಾಟರಿ ಹಾಕಿದ್ರೆ, ಜನರ ಹತ್ರ ಹಾರಿಸ್ತೀವಲ್ಲ ಅಂತ ಫ್ಯಾನಿಗೆ ಗಾರ್ಡ್ ಹಾಕಿದ್ರೆ 250 ದಾಟುತ್ತೆ, ಆಗ ಅದು ಮೈಕ್ರೋ. ಸೇಫ್ಟಿಗೆ ಗಾರ್ಡ್ ಹಾಕಿದೋನಿಗೆ ಸರ್ಟಿಫಿಕೇಟು, ಟೈಪ್ ಸರ್ಟಿಫಿಕೇಟು, ಇನ್ಶೂರೆನ್ಸು ಎಲ್ಲ ಬೇಕಾಗುತ್ತೆ, ಗಾರ್ಡ್ ತೆಗೆದು ಹಾರಿಸಿದ್ರೆ ಬೇಡ. ಇದನ್ನ ಯಾರಾದ್ರೂ ಸರಿ ಮಾಡ್ಬೇಕು.

ಅಡಿಕೆ ತೋಟದ ಕಡೆ ನೋಡಿದ್ರೆ ಇದೇ ಕಾನೂನು ಎಷ್ಟು ಚೆನ್ನಾಗಿ ಕೆಲಸ ಮಾಡ್ಬಹುದು ಅಂತ ಕಾಣುತ್ತೆ. ಮಲೆನಾಡು, ಕರಾವಳೀಲಿ ಮಳೆಗಾಲ ಬಂದ್ರೆ ಕೊಳೆ ರೋಗ, ಅದಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೀಬೇಕು, ಜಾರೋ ಮರ ಹತ್ತೋಕೆ ಜನ ಸಿಗಲ್ಲ, ಹತ್ತಿದೋರು ಬಿದ್ದು ಸೊಂಟ ಮುರ್ಕೊಂಡಿದ್ದು, ಜೀವ ಹೋಗಿದ್ದು ಪ್ರತಿ ಊರಲ್ಲೂ ಇದೆ. ಅಲ್ಲಿ ಡ್ರೋನ್ ಅಂದ್ರೆ ಜೀವ ಉಳಿಸೋ ಸಾಮಾನು. ಹತ್ತು ಲೀಟರ್ ಟ್ಯಾಂಕಿನ ಸ್ಪ್ರೇ ಡ್ರೋನು ಸ್ಮಾಲ್ ವರ್ಗಕ್ಕೆ ಬರುತ್ತೆ, ದೇಶದಲ್ಲೇ ಮಾಡಿದ್ದು ಸಿಗುತ್ತೆ, ಟೈಪ್ ಸರ್ಟಿಫಿಕೇಟ್ ಇರೋ ಮಾಡೆಲ್‌ಗಳಿವೆ, ಪೈಲಟ್ ಟ್ರೈನಿಂಗ್ ತಗೊಂಡಿರ್ತಾನೆ. ನಮೋ ಡ್ರೋನ್ ದೀದಿ ಯೋಜನೇಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಬೆಲೆಯ ಶೇಕಡಾ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ ಅಂತ ಮಾಡಿದ್ರು. ಕಲಬುರಗಿ ಕಡೆ ತೊಗರಿಗೆ, ಸಿಂಧನೂರು ಗಂಗಾವತಿ ಕಡೆ ಭತ್ತಕ್ಕೆ ಹೊಡೀತಾರೆ. ಇಲ್ಲೂ ತೊಂದರೆ ಇಲ್ಲ ಅಂತಲ್ಲ, ಸುಣ್ಣ ಇರೋ ಬೋರ್ಡೋ ನಾಝಲ್ ಕಟ್ಟಿಸುತ್ತೆ, ಸೋಗೆ ಮೇಲೆ ಬಿದ್ದಿದ್ದು ಕೆಳಗಿನ ಗೊನೆಗೆ ಎಷ್ಟು ಇಳಿಯುತ್ತೆ ಅಂತ ತೋಟದೋರು ಇನ್ನೂ ವಾದ ಮಾಡ್ತಾರೆ, ಗಾಳಿ ಇದ್ದಾಗ ಹೊಡೆದ್ರೆ ಔಷಧಿ ಪಕ್ಕದ ಕೆರೆಗೆ, ಜೇನು ಪೆಟ್ಟಿಗೆಗೆ ಹೋಗುತ್ತೆ. ಅದಕ್ಕೆ ಅಂತಾನೇ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕ್ರಮಗಳನ್ನ ಬರೆದಿಟ್ಟಿದೆ. ಅಂದ್ರೆ ಕೆಲಸ ಏನು, ಡ್ರೋನ್ ಯಾವುದು, ಅಪಾಯ ಯಾರಿಗೆ ಅಂತ ಕೂತು ಯೋಚಿಸಿದಾರೆ. ಮದ್ವೆ ವಿಡಿಯೋಗೆ ಹಾಗೆ ಯಾರೂ ಕೂತು ಯೋಚಿಸಿಲ್ಲ, ಅದೊಂದು ದೊಡ್ಡ ಜೀವನೋಪಾಯ ಆಗಿದ್ರೂ.

ಕ್ಯಾಮೆರಾ ವಿಷಯಾನೂ ಒಂದು ಮಾತು. ಹೆಣ್ಮಕ್ಕಳು ಮಹಡಿ ಮೇಲೆ ಕೂದಲು ಒಣಗಿಸ್ತಿರುವಾಗ, ಹೊಳೇಲಿ ಸ್ನಾನ ಮಾಡ್ತಿರುವಾಗ ಮೇಲೆ ಡ್ರೋನ್ ಬಂದು ನಿಂತ್ರೆ ಆ ಹಿಂಸೆ ಏನು ಅಂತ ಅನುಭವಿಸಿದೋರಿಗೇ ಗೊತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ರಲ್ಲ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡ್ರೋನ್ ನಿಯಮಗಳಲ್ಲಿ ಖಾಸಗಿತನಕ್ಕೆ ಅಂತ ಬೇರೆ ಅಧ್ಯಾಯ ಇಲ್ಲ. ಆದ್ರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಐಟಿ ಕಾಯ್ದೆಯ 66ಇ ಇವೆರಡರಲ್ಲಿ ಕೇಸು ಹಾಕೋಕೆ ಬರುತ್ತೆ. ಅಜಾಗರೂಕತೆಯಿಂದ ಜೀವಕ್ಕೆ ಅಪಾಯ ತಂದಿದ್ದಕ್ಕೆ ಅದೇ ಸಂಹಿತೆಯ 125ನೇ ಸೆಕ್ಷನ್ ಇದೆ. ಕಂಪ್ಲೇಂಟ್ ಕೊಡೋಕೆ ಹೋದಾಗ ಡ್ರೋನಿಗೆ ಕಾನೂನೇ ಇಲ್ಲ ಅಂತ ಯಾರಾದ್ರೂ ಅಂದ್ರೆ ಈ ನಂಬರು ಹೇಳಿ.

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ವಿಮಾನಯಾನ ಸಚಿವಾಲಯ ಒಂದು ಹೊಸ ಕರಡು ಮಸೂದೆ ಹೊರಗೆ ಬಿಡ್ತು, ನಾಗರಿಕ ಡ್ರೋನ್‌ಗಳ ಉತ್ತೇಜನ ಮತ್ತು ನಿಯಂತ್ರಣಕ್ಕೆ ಅಂತ. ಅದರಲ್ಲಿ ಇನ್ಶೂರೆನ್ಸ್ ಕಡ್ಡಾಯ, ತಪ್ಪು ಯಾರದು ಅಂತ ಸಾಬೀತು ಮಾಡ್ದೇ ಇದ್ರೂ ಪರಿಹಾರ, ಸತ್ರೆ ಎರಡೂವರೆ ಲಕ್ಷ, ಗಂಭೀರ ಗಾಯಕ್ಕೆ ಒಂದು ಲಕ್ಷ ಅಂತ ಬರೆದಿದ್ರು. ತಪ್ಪು ಸಾಬೀತು ಮಾಡೋದು ಬೇಡ ಅನ್ನೋದು ಬಹಳ ಮುಖ್ಯ, ಅಜ್ಜಿ ಕೋರ್ಟಿಗೆ ಹೋಗಿ ದಿಕ್ಸೂಚಿ ಕೆಟ್ಟಿತ್ತಾ ಸಿಗ್ನಲ್ ಹೋಗಿತ್ತಾ ಅಂತ ಹೇಗೆ ತೋರಿಸ್ತಾಳೆ? ಆದ್ರೆ ಮೊತ್ತ ಮಾತ್ರ ನನಗೆ ಒಪ್ಪಿಗೆ ಇಲ್ಲ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್‌ನಲ್ಲಿ ಅದೇ ರೀತಿ ಪರಿಹಾರ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ ಇದೆ. ಲಾರಿ ಹೊಡೆದು ಸತ್ರೆ ಐದು, ಡ್ರೋನ್ ಬಿದ್ದು ಸತ್ರೆ ಎರಡೂವರೆ, ಇದಕ್ಕೆ ಏನು ಕಾರಣ ಕೊಡ್ತಾರೆ?

ಅದೇ ಕರಡಲ್ಲಿ ನೋಂದಣಿ ಇಲ್ದೆ, ಟೈಪ್ ಸರ್ಟಿಫಿಕೇಟ್ ಇಲ್ದೆ ಹಾರಿಸಿದ್ರೆ ಜೈಲು ಶಿಕ್ಷೆ, ಪೊಲೀಸರಿಗೆ ಜಪ್ತಿ ಮಾಡೋ ಅಧಿಕಾರ ಎಲ್ಲ ಇತ್ತು, ಡ್ರೋನ್ ಉದ್ಯಮದೋರು ಜೋರಾಗಿ ವಿರೋಧ ಮಾಡಿದ್ರು. ನನಗೂ ಅಲ್ಲಿ ಭಯ ಇದೆ. ಕಾನೂನು ಪ್ರಕಾರ ಹಾರಿಸೋಕೆ ದಾರಿ ಮಾಡ್ಕೊಡದೆ ಜೈಲು ಅಂದ್ರೆ, ಅರಸೀಕೆರೆ ಹುಡುಗ ಡ್ರೋನ್ ಬಿಡಲ್ಲ, ಇನ್ನೂ ಮರೇಲಿ ನಿಂತು ಹಾರಿಸ್ತಾನೆ, ಬಿದ್ರೆ ಬಿಟ್ಟು ಓಡ್ತಾನೆ. ಮೊದಲು ಇರೋ ಡ್ರೋನುಗಳಿಗೆ, ಬಿಲ್ ಇರ್ಲಿ ಬಿಡ್ಲಿ, ಆರು ತಿಂಗಳೋ ಒಂದು ವರ್ಷವೋ ಟೈಮ್ ಕೊಟ್ಟು ನಂಬರ್ ಹಾಕಿ. ಜನರ ಮೇಲೆ ದುಡ್ಡಿಗೆ ಹಾರಿಸೋನಿಗೆ ತೂಕ ಎಷ್ಟೇ ಇರ್ಲಿ, ನ್ಯಾನೋ ಆದ್ರೂ ಸರಿ, ಇನ್ಶೂರೆನ್ಸ್ ಕಡ್ಡಾಯ ಮಾಡಿ. ಗುಂಪಿಂದ ಎಷ್ಟು ಮೀಟರ್ ಅಂತ ಬರೀರಿ. ಟ್ರೈನಿಂಗ್ ಒಂದು ದಿನದ್ದು, ಕನ್ನಡದಲ್ಲಿ, ತಾಲ್ಲೂಕು ಮಟ್ಟದಲ್ಲಿ ಸಿಗೋ ಹಾಗೆ ಮಾಡಿ, ಹೆಚ್ಚಿನ ಹುಡುಗರು ಬರ್ತಾರೆ, ಅವರಿಗೂ ಕದ್ದು ಹಾರಿಸೋದು ಇಷ್ಟ ಇಲ್ಲ. ಆಮೇಲೂ ಬರದೇ ಇದ್ದೋರಿಗೆ ದಂಡ ಹಾಕಿ, ಜಪ್ತಿ ಮಾಡಿ, ಯಾರೂ ಬೇಡ ಅನ್ನಲ್ಲ.

ಅಲ್ಲಿವರೆಗೆ ನಮ್ಮ ಕೈಲಿ ಆಗೋದನ್ನ ನಾವು ಮಾಡ್ಕೋಬೇಕು. ಈ ಸಲ ನಮ್ಮ ಅಣ್ಣನ ಮಗನ ಉಪನಯನಕ್ಕೆ ಫೋಟೋದೋರನ್ನ ಬುಕ್ ಮಾಡುವಾಗ ನಾನೇ ಮಾತಾಡ್ದೆ. ಜಾಗ ಯಾವ ಬಣ್ಣದಲ್ಲಿದೆ ಅಂತ ಮ್ಯಾಪ್ ತೆಗೆದು ಇಬ್ಬರೂ ನೋಡಿದ್ವಿ, ಹಸಿರಿತ್ತು. ನೆಂಟರು ಬರೋಕೆ ಮುಂಚೆ ಬೆಳಗ್ಗೆ ಆರೂವರೆಗೆ ಮನೆ, ಚಪ್ಪರ, ತೋಟ ಎಲ್ಲ ಮೇಲಿಂದ ತಗೋ, ಜನ ಸೇರಿದ್ಮೇಲೆ ಬೇಕಿದ್ರೆ ತೋಟದ ಕಡೆ ದೂರ ನಿಲ್ಲಿಸಿ ಓರೆಯಾಗಿ ತಗೋ, ಚಪ್ಪರದ ಮೇಲೆ ತರಬೇಡ, ಸೀರಿಯಲ್ ಸೆಟ್ ಎಲ್ಲೆಲ್ಲಿ ಎಳೆದಿದಾರೆ ಅಂತ ಮೊದಲು ನಡ್ಕೊಂಡು ಹೋಗಿ ನೋಡು ಅಂದೆ. ಅವನು ಒಪ್ಪಿದ, ದುಡ್ಡೂ ಕಮ್ಮಿ ಮಾಡ್ಲಿಲ್ಲ ನಾವು. ವಿಡಿಯೋ ಬಂದಾಗ ಬೆಳಗಿನ ಮಂಜಲ್ಲಿ ಅಡಿಕೆ ತೋಟದ ನಡುವೆ ಮನೆ ಹೊಗೆ ಏಳ್ತಿರೋ ಶಾಟ್ ಒಂದಿತ್ತು, ದೊಡ್ಡಜ್ಜಿ ಅದನ್ನೇ ನಾಲ್ಕು ಸಲ ಹಾಕಿಸ್ಕೊಂಡು ನೋಡಿದ್ಲು.